ಡಬ್ಬಿಯೊಳಗಿನ ಬಾಲಯ್ಯ

ತೆಲಂಗಾಣದ ಗಡಿಯೂರು ಮಕ್ತಲ್‌ನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಯಾರಿಗೆ ತಲೆ ಸಿಡಿದರೂ, ಸೊಂಟ ಹಿಡಿದರೂ, ಮೈ ಕಾದರೂ ಅವರು ಮೊದಲು ತಟ್ಟುತ್ತಿದ್ದದ್ದು ಚನ್ನವೀರಮ್ಮನ ಬಾಗಿಲನ್ನು. ದವಾಖಾನೆಗೆ ಹೋದರೆ ಸಾಲು, ಚೀಟಿ, ಸೂಜಿ. ಚನ್ನವೀರಮ್ಮನಲ್ಲಿಗೆ ಹೋದರೆ ಒಂದು ಗುಳಿಗೆ, ಒಂದು ಲೋಟ ನೀರು, ಆಕೆಯ ಮನಸ್ಸು ಚಲೋ ಇದ್ದರೆ ಅರ್ಧ ಕಪ್ಪು ಚಹಾ. ಗಂಡ ಹಂಪಣ್ಣನಿಗೆ ಗಂಜ್ ಮಾರುಕಟ್ಟೆಯಲ್ಲಿ ಗೋಣಿಚೀಲ, ಹಗ್ಗ, ತಾಡಪತ್ರಿ ಮಾರುವ ಅಂಗಡಿಯಿತ್ತು. ಒಬ್ಬಳೇ ಮಗಳು ಶಿವಗಂಗಾ ಗದ್ವಾಲಕ್ಕೆ ಮದುವೆಯಾಗಿ ಹೋಗಿದ್ದಳು. ಮನೆಯಲ್ಲಿ ಉಳಿದ ಹೊತ್ತನ್ನೆಲ್ಲ ಚನ್ನವೀರಮ್ಮ ಓಣಿಯ ಬೇನೆಗಳಿಗೆ ಕೊಟ್ಟಿದ್ದಳು.

ಆಕೆಯ ಗುಳಿಗೆಗಳು ಬಿಸ್ಕತ್ತಿನ ಒಂದು ತಗಡಿನ ಡಬ್ಬಿಯಲ್ಲಿರುತ್ತಿದ್ದವು. ಗುಳಿಗೆಯ ಪಟ್ಟಿಗಳ ಮೇಲಿನ ಇಂಗ್ಲಿಷು ಆಕೆಗೆ ಓದಲು ಬರುತ್ತಿರಲಿಲ್ಲ. ಅದೊಂದು ಕೊರತೆ ಅಂತ ಆಕೆಗೆ ಎಂದೂ ಅನಿಸಿರಲೂ ಇಲ್ಲ. ಗುಳಿಗೆಗಳಿಗೆ ಆಕೆ ತಾನೇ ಹೆಸರಿಟ್ಟಿದ್ದಳು. ಯಾವ ಗುಳಿಗೆ ಮೊದಲು ಯಾರಿಗೆ ಗುಣ ಕೊಟ್ಟಿತೋ ಅದಕ್ಕೆ ಅವರದೇ ಹೆಸರು. ನಿಲ್ದಾಣದೆದುರು ಹೋಟೆಲಿಟ್ಟಿದ್ದ ಬಾಲಯ್ಯನ ತಲೆನೋವು ಇಳಿಸಿದ ಬಿಳಿಯ ಗುಂಡು ಗುಳಿಗೆ 'ಬಾಲಯ್ಯ'. ಹೂವು ಮಾರುವ ಎಂಕಮ್ಮನ ಜ್ವರ ಬಿಡಿಸಿದ ಉದ್ದನೆಯದು 'ಎಂಕಮ್ಮ'. ಟೇಲರ್ ಸಾಯಣ್ಣನ ಸೀನು ನಿಲ್ಲಿಸಿದ ಹಳದಿಯದು 'ಸಾಯಣ್ಣ'. ಹೈದರಾಬಾದಿನಲ್ಲಿ ಕಟ್ಟಡದ ಕೆಲಸ ಮಾಡಿ ಸೊಂಟ ಮುರಿದುಕೊಂಡು ಬಂದ ಮಾಗನೂರಿನ ಪೆದ್ದಪ್ಪನನ್ನು ನೆಟ್ಟಗೆ ನಿಲ್ಲಿಸಿದ ಕಿತ್ತಳೆ ಬಣ್ಣದ್ದು 'ಪೆದ್ದಪ್ಪ'. ಇದೇ ಎಲ್ಲಕ್ಕಿಂತ ಜೋರಿನದು, ಆಕೆ ಅದನ್ನು ಕೇಳಿದವರಿಗೆಲ್ಲ ಕೊಡುತ್ತಿರಲಿಲ್ಲ.

ಓಣಿಯವರಿಗೂ ಈ ಹೆಸರುಗಳು ರೂಢಿಯಾಗಿದ್ದವು. ಒಮ್ಮೆ ಸ್ವತಃ ಬಾಲಯ್ಯನೇ ಹಣೆ ಹಿಡಿದುಕೊಂಡು ಬಂದ.

"ಅವ್ವಾ, ತಲಿ ಭಾಳ ಸಿಡ್ಯಾಕತ್ತೈತ್ರಿ. ನನ್ನದೊಂದು ಕೊಡ್ರಿ."

"ನೀ ಮುಗದೀಯಪ್ಪ. ಎಂಕಮ್ಮನ್ನ ತಗೋ."

"ಎಂಕಮ್ಮ ನನಗ ಆಗಿ ಬರ್ತಾಳೇನ್ರಿ?"

ಅದೇ ಹೊತ್ತಿಗೆ ಬುಟ್ಟಿ ಹೊತ್ತು ಓಣಿಯಲ್ಲಿ ಹೊರಟಿದ್ದ ಎಂಕಮ್ಮ ಗಕ್ಕನೆ ನಿಂತಳು. "ಯಾರಿಗಿ ಯಾರು ಆಗಿ ಬರ್ಬೇಕಂತ?" ಎಂದು ಆಕೆ ಕೇಳಿದ ದನಿಗೆ ಬಾಲಯ್ಯ ಗುಳಿಗೆಯನ್ನು ನೀರಿಲ್ಲದೇ ನುಂಗಿ ಹೋಟೆಲಿನ ದಾರಿ ಹಿಡಿದ. ಚನ್ನವೀರಮ್ಮ ನಕ್ಕು ನಕ್ಕು ಹೊಸ್ತಿಲ ಮೇಲೇ ಕುಳಿತುಬಿಟ್ಟಳು.

ಇಡೀ ಓಣಿ ಮಾತು ಕೇಳಿದರೂ ಮನೆಯೊಳಗಿನ ರೋಗಿ ಮಾತ್ರ ಆಕೆಯ ಹಿಡಿತಕ್ಕೆ ಸಿಕ್ಕಿರಲಿಲ್ಲ. ಹಂಪಣ್ಣನಿಗೆ ಬಿ.ಪಿ. ಇತ್ತು, ಮೊಣಕಾಲು ನೋವಿತ್ತು, ಎಲ್ಲಕ್ಕಿಂತ ಮಿಗಿಲಾಗಿ ಗಡಿಬಿಡಿಯಿತ್ತು. ಒಂದು ಗುಳಿಗೆ ನುಂಗಿ ಗುಣವಾಗುವತನಕ ಕಾಯುವ ಮನುಷ್ಯ ಅವನಲ್ಲ.

"ಒಂಟೆತ್ತಿನ ಬಂಡಿಗಿಂತ ಜೋಡೆತ್ತಿನ ಬಂಡಿ ಲಗೂ ಹೋಗತೈತಿಲ್ಲೋ?" ಅನ್ನುತ್ತಿದ್ದ. "ಗುಳಿಗೀನೂ ಹಂಗ."

ಈ ಜೋಡೆತ್ತಿನ ಬಂಡಿಯೇ ಅವನನ್ನು ಗದ್ವಾಲದ ದವಾಖಾನೆಗೆ ಒಯ್ದು ಮಲಗಿಸಿತು.

ಶಿವಗಂಗಾಳಿಗೆ ಏಳು ತಿಂಗಳು ತುಂಬುತ್ತಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಆರತಿ ಮಾಡುವ ಕುಬಸವನ್ನು ಗದ್ವಾಲದ ಬೀಗರು ಒಂದು ಸೋಮವಾರಕ್ಕೆ ಗೊತ್ತು ಮಾಡಿದರು. ಅದರ ಹಿಂದಿನ ದಿನವೇ ಹಂಪಣ್ಣನಿಗೆ ನೆಗಡಿ ಹಿಡಿಯಿತು. ಮೂಗು ಕೆಂಪಾಯಿತು, ಮೈ ಬೆಚ್ಚಗಾಯಿತು, ತಲೆ ಕಲ್ಲಾಯಿತು. ಮಗಳ ಕುಬಸಕ್ಕೆ ಅಪ್ಪ ಹೀಗೆ ಸೀನುತ್ತ ಹೋದರೆ ಬೀಗರ ಮುಂದೆ ಮಾನ ಉಳಿಯುತ್ತದೆಯೇ? ಚನ್ನವೀರಮ್ಮ ಡಬ್ಬಿ ತೆಗೆದಳು. ಸೀನಿಗೆ ಸಾಯಣ್ಣ, ಜ್ವರಕ್ಕೆ ಎಂಕಮ್ಮ, ತಲೆಗೆ ಬಾಲಯ್ಯ. ಮೂರೂ ಬೇನೆಗೆ ಮೂರು ಬೇರೆ ಬೇರೆ ಗುಳಿಗೆ ಅಂತಲೇ ಆಕೆಯ ಲೆಕ್ಕ. ಸಂಜೆಗೆ ಒಮ್ಮೆ ಕೊಟ್ಟಳು, ಬೆಳಗಾಗೆದ್ದು ಒಮ್ಮೆ ಕೊಟ್ಟಳು. ನಡುವೆ ಆಕೆ ಸೀರೆ, ಹಣ್ಣು, ಕೊಬ್ಬರಿ ಜೋಡಿಸುವ ಗದ್ದಲದಲ್ಲಿದ್ದಾಗ ಹಂಪಣ್ಣ ಡಬ್ಬಿಗೆ ಕೈಹಾಕಿ ತನ್ನ ಜೋಡೆತ್ತುಗಳನ್ನು ಹೂಡಿಕೊಂಡ. ಅದು ಆಕೆಗೆ ಗೊತ್ತಾಗಲಿಲ್ಲ.

ಸೋಮವಾರ ಅವನದು ಒಪ್ಪತ್ತು. ಮಧ್ಯಾಹ್ನ ಬೀಗರ ಮನೆಯ ಎಲೆಯ ಮುಂದೆ ಕೂಡುವತನಕ ಏನೂ ಮುಟ್ಟುವಂತಿರಲಿಲ್ಲ. ಗದ್ವಾಲದ ಬಸ್ಸು ಕಿಕ್ಕಿರಿದಿತ್ತು. ಚನ್ನವೀರಮ್ಮನಿಗೆ ಒಂದು ಸೀಟು ಸಿಕ್ಕಿತು, ಹಂಪಣ್ಣ ಕೊಬ್ಬರಿ ಚೀಲ ಅಪ್ಪಿಕೊಂಡು ನಿಂತೇ ಬಂದ. ಕೃಷ್ಣಾ ಹೊಳೆ ದಾಟುವಷ್ಟರಲ್ಲಿ ಅವನ ಮೊಣಕಾಲು ಮಾತಾಡತೊಡಗಿದವು.

"ಗಂಗಾನವ್ವ, ಒಂದು ಪೆದ್ದಪ್ಪ ಕೊಡು."

"ಖಾಲಿ ಹೊಟ್ಯಾಗೇನ್ರಿ?"

"ಗುಳಿಗಿ ತಿಂದ್ರ ಉಪವಾಸ ಕೆಡ್ತೈತೇನು? ಕೊಡು."

ಉಪವಾಸ ಕೆಡುವುದಿಲ್ಲ ಎಂಬುದು ಚನ್ನವೀರಮ್ಮನಿಗೂ ಸರಿ ಕಂಡಿತು. ಹೊಟ್ಟೆ ಕೆಡಬಹುದು ಅನ್ನುವುದು ಆ ಮಾತಿನಲ್ಲಿ ಮರೆತೇಹೋಯಿತು.

ಬೀಗರ ಮನೆಯಲ್ಲಿ ಹೋಳಿಗೆಯ ವಾಸನೆ ಬೀದಿಯ ತಿರುವಿನವರೆಗೂ ಬರುತ್ತಿತ್ತು. ಬೀಗತಿ ಗುರುಬಸಮ್ಮ ಅಡಿಗೆಗೆ ಹೆಸರಾದವಳು, ಮಾತಿಗೆ ಇನ್ನಷ್ಟು. ಬೀಗ ಆದೆಪ್ಪನದು ಸೀರೆ ಅಂಗಡಿ. ಬಂದವರನ್ನು ಉಪಚರಿಸದೇ ಬಿಟ್ಟರೆ ಅವನಿಗೆ ಮೈಯೆಲ್ಲ ಕಡಿತ. ಹಂಪಣ್ಣ ಒಂದು ಸಲ ಸೀನಿದ್ದೇ ತಡ, ಆದೆಪ್ಪ ಜೇಬಿನಿಂದ ಒಂದು ಪಟ್ಟಿ ತೆಗೆದ.

"ಬೀಗರ, ಇದನ್ನ ತಗೋರಿ. ನೆಗಡಿ ಹೇಳಾಕ ಹೆಸರಿಲ್ಲದಂಗ ಹೋಗತೈತಿ."

"ತಗೊಂಡು ಬಂದೀನ್ರೀ."

"ಅದು ನಿಮ್ಮ ಮನೀದು. ನಮ್ಮ ಮನೀ ಗುಳಿಗಿ ಒಲ್ಲೆ ಅಂದ್ರ ಹೆಂಗ?"

ಬೀಗರು ಕೊಟ್ಟದ್ದನ್ನು ಬೇಡವೆನ್ನುವುದುಂಟೇ? ಹಂಪಣ್ಣ ಅದನ್ನೂ ನುಂಗಿದ. ತೀರ್ಥದ ಹಾಗೆ ಕಣ್ಣಿಗೊತ್ತಿಕೊಂಡೇ ನುಂಗಿದ.

ಪಡಸಾಲೆಯಲ್ಲಿ ಶಿವಗಂಗಾಳನ್ನು ಮಣೆಯ ಮೇಲೆ ಕೂಡಿಸಿ ಹೆಂಗಸರು ಸುತ್ತ ನೆರೆದಿದ್ದರು. ಹಸಿರು ಸೀರೆ ಅವಳಿಗೆ ಒಪ್ಪಿತ್ತು. ಚನ್ನವೀರಮ್ಮ ಮಗಳ ದೃಷ್ಟಿ ತೆಗೆದು ಪಕ್ಕದಲ್ಲಿ ಕುಳಿತಳು. ಹಾಡು ಮುಗಿಯುವ ಲಕ್ಷಣವಿರಲಿಲ್ಲ. ಒಬ್ಬಾಕೆ ನಿಲ್ಲಿಸಿದರೆ ಇನ್ನೊಬ್ಬಾಕೆ ಎತ್ತಿಕೊಳ್ಳುತ್ತಿದ್ದಳು. ಶಿವಗಂಗಾ ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು, ಕೊನೆಗೆ ತಾಯಿಯ ಕಿವಿಗೆ ಬಾಯಿಟ್ಟಳು.

"ಅವ್ವಾ, ಸೊಂಟ ಸೀಳಿದಂಗ ಆಗಾಕತ್ತೈತಿ."

ಚನ್ನವೀರಮ್ಮ ಬೇರೆಯವರ ಮಕ್ಕಳಿಗೇ ಇಲ್ಲವೆಂದವಳಲ್ಲ, ಸ್ವಂತ ಮಗಳಿಗೆ ಅನ್ನುತ್ತಾಳೆಯೇ? ಚೀಲದಿಂದ ಡಬ್ಬಿ ಹೊರಬಂತು. ಕಿತ್ತಳೆ ಬಣ್ಣದ ಪಟ್ಟಿ ಟಪ್ಪೆಂದಿತು. ಗುಳಿಗೆ ಮಗಳ ಅಂಗೈಗೆ ಬಿತ್ತು.

"ಅತ್ತೀ, ಅದು ಯಾವ ಗುಳಿಗೀರಿ?"

ಕೇಳಿದವಳು ಶಿವರಂಜನಿ, ಅಳಿಯನ ತಂಗಿ. ಫಾರ್ಮಸಿ ಓದಿ ಗದ್ವಾಲದಲ್ಲೇ ಒಂದು ಔಷಧಿ ಅಂಗಡಿ ನೋಡಿಕೊಳ್ಳುತ್ತಿದ್ದಳು. ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು.

"ಪೆದ್ದಪ್ಪ," ಎಂದಳು ಚನ್ನವೀರಮ್ಮ ಸಹಜವಾಗಿ.

ಹಾಡು ನಿಂತಿತು. ಗುರುಬಸಮ್ಮ ಸೌಟು ಹಿಡಿದೇ ಅಡಿಗೆಮನೆಯಿಂದ ಹೊರಬಂದಳು. "ಪೆದ್ದಪ್ಪ ಯಾರ್ರೀ ಅಕ್ಕಾರ? ನಮ್ಮ ಸೊಸಿಗಿ ಅವನೇನ ಕೊಟ್ಟಾನ?"

"ಕೊಟ್ಟಿಲ್ರೀ. ಅವನ ಸೊಂಟಕ್ಕ ಗುಣ ಆಗಿತ್ತಲ್ಲ, ಅದಕ್ಕ ಈ ಗುಳಿಗಿನ ಪೆದ್ದಪ್ಪ."

ಹೆಂಗಸರು ಕಿಸಕ್ಕೆಂದರು. ಶಿವರಂಜನಿ ನಗಲಿಲ್ಲ. ಪಟ್ಟಿಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ಹಿಂದಿನ ಸಣ್ಣ ಅಕ್ಷರ ಓದಿದಳು. "ವೈನಿ, ನುಂಗಬ್ಯಾಡ್ರಿ," ಎಂದಳು.

ಶಿವಗಂಗಾ ಒಮ್ಮೆ ತಾಯಿಯ ಮುಖ ನೋಡಿದಳು, ಒಮ್ಮೆ ನಾದಿನಿಯ ಮುಖ ನೋಡಿದಳು. ಆಮೇಲೆ ಗುಳಿಗೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ನುಂಗಲಿಲ್ಲ.

ಚನ್ನವೀರಮ್ಮನ ಎದೆಯಲ್ಲಿ ಏನೋ ಚುಳ್ಳೆಂದಿತು. ಇದೇ ಮಗಳು ಹಾಲುಹಲ್ಲಿನ ಕಾಲದಲ್ಲಿ ಬೇವಿನ ರಸ ಕೊಟ್ಟರೂ ಕಣ್ಣುಮುಚ್ಚಿ ಕುಡಿದಿದ್ದವಳು.

"ನನ್ನ ಮಗಳಿಗಿ ನಾ ಕೊಡಾಕ ನಿನ್ನ ಕೇಳಬೇಕೇನವಾ?" ಎಂದಳು. ದನಿ ತಾನು ಅಂದುಕೊಂಡದ್ದಕ್ಕಿಂತ ಎತ್ತರಕ್ಕೆ ಹೋಯಿತು. "ನಮ್ಮ ಓಣಿ ಓಣೀನ ನನ್ನ ಗುಳಿಗಿ ನುಂಗಿ ಎದ್ದು ಅಡ್ಡಾಡಾಕತ್ತೈತಿ. ಒಬ್ಬರರ ಸತ್ತಾರೇನು?"

"ಹಂಗಲ್ರೀ ಅತ್ತೀ." ಶಿವರಂಜನಿ ಬಟ್ಟಲು ಕೆಳಗಿಟ್ಟು ಆಕೆಯ ಮುಂದೆ ಕುಳಿತಳು. "ಇದರಾಗ ಐಬುಪ್ರೊಫೇನ್ ಐತಿ. ಪೆದ್ದಪ್ಪಗ ಚಲೋನ. ಆದ್ರ ಬಸರಿ ಹೆಂಗಸು, ಅದರಾಗೂ ದಿನ ತುಂಬ್ತಾ ಬಂದಾಕಿ, ಡಾಕ್ಟರ್ ಹೇಳಲಾರದ ಇದನ್ನ ತಗೊಳ್ಳಂಗಿಲ್ರಿ. ಕೂಸಿನ ಕಿಡ್ನಿಗಿ ಪೆಟ್ಟು ಬೀಳಬಹುದು, ಕೂಸಿನ ಸುತ್ತ ಇರೋ ನೀರು ಕಡಿಮಿ ಆಗಬಹುದು, ಎದಿಗೂ ತ್ರಾಸ ಆಗಬಹುದು."

ಚನ್ನವೀರಮ್ಮ ಮಗಳ ಮುಷ್ಟಿಯನ್ನು ತಾನೇ ಬಿಡಿಸಿ ಗುಳಿಗೆಯನ್ನು ಕಿತ್ತುಕೊಂಡಳು. ಎಲ್ಲಿ ಎಸೆಯಬೇಕೆಂದು ತಿಳಿಯದೇ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಕೆ ಅಷ್ಟು ಬಿಗಿಯಾಗಿ ಗಂಟು ಹಾಕಿದ್ದನ್ನು ಕಂಡು ಶಿವರಂಜನಿ ಆ ಮಾತು ಅಲ್ಲಿಗೇ ಬಿಟ್ಟಳು. ವೈನಿಯನ್ನು ಮಣೆಯಿಂದ ಎಬ್ಬಿಸಿ, ಬೆನ್ನಿಗೆ ದಿಂಬಿಟ್ಟು ಕುರ್ಚಿಯಲ್ಲಿ ಕೂಡಿಸಿದಳು. ಸೊಂಟಕ್ಕೆ ಅರ್ಧ ಆರಾಮು ಅಲ್ಲೇ ಸಿಕ್ಕಿತು.

ಅಷ್ಟರಲ್ಲಿ ಗಂಡಸರ ಪಂಕ್ತಿಯಲ್ಲಿ ಇನ್ನೊಂದು ಗದ್ದಲ ಎದ್ದಿತ್ತು. ಹಂಪಣ್ಣ ಎಲೆಯ ಮುಂದೆ ಕುಳಿತಿದ್ದಾನೆ, ಹೋಳಿಗೆ ಮುಟ್ಟುತ್ತಿಲ್ಲ. ತುಪ್ಪ ಬಿತ್ತು, ಮುಟ್ಟಲಿಲ್ಲ. ಎಣಗಾಯಿ ಪಲ್ಯ ಬಿತ್ತು, ಮುಖ ಹಿಂಡಿದ. ಆದೆಪ್ಪನ ಮುಖ ಸಣ್ಣಗಾಯಿತು.

"ಯಾಕ್ರೀ ಬೀಗರ, ನಮ್ಮ ಮನೀ ಅನ್ನ ರುಚಿಸಲಿಲ್ಲೇನು?"

"ಅನ್ನದ ಮಾತಲ್ರೀ," ಎಂದ ಹಂಪಣ್ಣ ಹೊಟ್ಟೆ ಒತ್ತಿಕೊಂಡು. "ಒಳಗ ಯಾರೋ ಒಲಿ ಹೊತ್ತಿಸ್ಯಾರ."

ಚನ್ನವೀರಮ್ಮ ಓಡಿ ಬಂದಳು. ಬಂದವಳ ಕೈ ಅಭ್ಯಾಸದಂತೆ ಡಬ್ಬಿಗೇ ಹೋಯಿತು. ಹೋಗಿ ಅಲ್ಲೇ ನಿಂತಿತು. ಆಕೆ ಮೊದಲ ಸಲ ತಾನಾಗಿ ಡಬ್ಬಿಯನ್ನು ಇನ್ನೊಬ್ಬರ ಕೈಗೆ ಕೊಟ್ಟಳು.

"ನೋಡವಾ, ಇವರು ಏನೇನು ತಗೊಂಡಾರ ಅಂತ ನಾ ಹೇಳ್ತೀನಿ. ನೀ ಓದು."

ಶಿವರಂಜನಿ ಪಡಸಾಲೆಯ ಕಂಬಕ್ಕೊರಗಿ ಕುಳಿತು ಒಂದೊಂದೇ ಪಟ್ಟಿ ಎತ್ತಿದಳು. ಕೆಲವು ಪಟ್ಟಿಗಳ ಅವಧಿ ಎಂದೋ ಮುಗಿದಿತ್ತು. ಅವನ್ನು ಬದಿಗೆ ಸರಿಸಿದಳು. ಉಳಿದವನ್ನು ಓದುತ್ತ ಹೋದಂತೆ ಅವಳ ಹುಬ್ಬು ಮೇಲೇರತೊಡಗಿತು.

"ಅತ್ತೀ, ಇದು ಬಾಲಯ್ಯ ಹೌದಲ್ರೀ? ಇದರಾಗ ಪ್ಯಾರಾಸಿಟಮಾಲ್ ಐತಿ. ಇದು ಎಂಕಮ್ಮ. ಇದರಾಗೂ ಅದ. ಸಾಯಣ್ಣನಾಗ ನೆಗಡಿ ಔಷಧಿ ಐತಿ, ಅದರ ಜೋಡಿ ಮತ್ತ ಅದ."

"ಅಂದ್ರ?"

"ಅಂದ್ರ ಮೂರೂ ಮಂದಿ ಒಬ್ಬರ. ಅಂಗಿ ಅಷ್ಟ ಬ್ಯಾರೆ."

ಚನ್ನವೀರಮ್ಮ ಪಟ್ಟಿಗಳನ್ನು ಪಿಳಿಪಿಳಿ ನೋಡಿದಳು. ಇಷ್ಟು ವರ್ಷ ತನ್ನ ಕೈಯಿಂದ ಹಾದುಹೋದ ಬಾಲಯ್ಯ ಸೀರೆ ಉಟ್ಟು ಎಂಕಮ್ಮನಾಗಿ, ಕತ್ತರಿ ಹಿಡಿದು ಸಾಯಣ್ಣನಾಗಿ ಮೋಸ ಮಾಡಿದ್ದನೇ? "ಪೆದ್ದಪ್ಪರ ಬ್ಯಾರೆ ಅದಾನಿಲ್ಲೋ?" ಎಂದು ಆಸೆಯಿಂದ ಕೇಳಿದಳು.

"ಪೆದ್ದಪ್ಪ ಬ್ಯಾರೇನ. ಆದ್ರ ಈ ಪಟ್ಟಿಯೊಳಗ ಅವನ ಹೆಗಲ ಮ್ಯಾಲೂ ಬಾಲಯ್ಯ ಕುಂತಾನ್ರಿ. ಎರಡೂ ಕೂಡಿಸಿ ಮಾಡಿದ ಗುಳಿಗಿ ಇದು."

ಆದೆಪ್ಪ ಕಳವಳದಿಂದ ತನ್ನ ಜೇಬಿನ ಪಟ್ಟಿಯನ್ನು ಮಗಳ ಕಡೆಗೆ ಚಾಚಿದ. ಅವಳು ಓದಿ ತಲೆಯಾಡಿಸಿದಳು. ಅದೂ ಬಾಲಯ್ಯನೇ.

ಈಗ ಶಿವರಂಜನಿಯ ಮುಖದಲ್ಲಿದ್ದ ನಗೆ ಹೋಯಿತು. "ಮಾವ, ಖರೇ ಹೇಳ್ರಿ. ನಿನ್ನಿ ಸಂಜಿಯಿಂದ ಎಷ್ಟು ತಗೊಂಡೀರಿ?"

ಹಂಪಣ್ಣ ಹೆಂಡತಿಯ ಕಡೆ ಕಳ್ಳನೋಟ ಹರಿಸಿದ. "ಗಂಗಾನವ್ವ ಕೊಟ್ಟಿದ್ದು ಆಕಿಗಿ ಗೊತ್ತು. ಆಕಿಗಿ ಗೊತ್ತಿಲ್ಲದ್ದು… ಅದೂ ಒಂದೀಟು ಐತಿ."

ಎಲ್ಲ ಕೂಡಿಸಿದಾಗ ಒಬ್ಬ ಮನುಷ್ಯ ಒಂದು ದಿನಕ್ಕೆ ತೆಗೆದುಕೊಳ್ಳಬಹುದಾದ ಮದ್ದಿನ ಗೆರೆಯನ್ನು ಹಂಪಣ್ಣ ಜೋಡೆತ್ತು ಹೂಡಿಕೊಂಡೇ ದಾಟಿ ಮುಂದೆ ಹೋಗಿದ್ದ. "ನನಗೇನಾಗೈತಿ? ಹೊಟ್ಟಿ ಒಂದೀಟು ಉರಿತೈತಿ ಅಷ್ಟ," ಎಂದು ಅವನು ಎದ್ದು ನಿಲ್ಲಹೋದ.

"ಅದ ಕಾರಣಕ್ಕ ದವಾಖಾನಿಗಿ ಹೋಗಬೇಕ್ರಿ," ಎಂದಳು ಶಿವರಂಜನಿ. "ಪ್ಯಾರಾಸಿಟಮಾಲ್ ಹೆಚ್ಚಾಗಿ ಲಿವರ್‌ಗಿ ಪೆಟ್ಟು ಹಾಕಿದ್ರ ಮೊದಲ ದಿನ ಗೊತ್ತ ಆಗಂಗಿಲ್ಲ. ಗೊತ್ತಾಗೂತನ ಕಾದ್ರ ತಡ ಆಗತೈತಿ. ಪಟ್ಟಿ ಎಲ್ಲಾ ತಗೋರಿ ಅತ್ತೀ, ಡಾಕ್ಟರ್‌ಗಿ ತೋರಸಬೇಕು."

ಜರಿಯ ಧೋತರ, ಗುಲಾಬಿ ರುಮಾಲು, ಹಣೆಯ ಮೇಲೆ ಮೂರೆಳೆ ವಿಭೂತಿ. ಮಗಳ ಕುಬಸಕ್ಕೆ ಶೃಂಗಾರವಾಗಿದ್ದ ಹಂಪಣ್ಣ ಹಾಗೇ ಆಟೋ ಹತ್ತಿ ದವಾಖಾನೆಯ ಮಂಚದ ಮೇಲೆ ಕುಳಿತ. ಡಾಕ್ಟರಮ್ಮ ತೆಲುಗಿನವರು. "ಪೆದ್ದಾಯನಾ, ಏಮೇಮಿ ವೇಸುಕುನ್ನಾವು?" ಎಂದು ಕೇಳಿದರು, ಏನೇನು ತಗೊಂಡೆ ಅಂತ.

ಹಂಪಣ್ಣ ತೆಲುಗಿನಲ್ಲೇ, ಯಾವುದನ್ನೂ ಮುಚ್ಚಿಡದೇ, ನಿಧಾನವಾಗಿ ಒಪ್ಪಿಸಿದ. ಮೊದಲು ಸಾಯಣ್ಣ, ಆಮೇಲೆ ಎಂಕಮ್ಮ, ಆಮೇಲೆ ಇಬ್ಬರು ಬಾಲಯ್ಯ, ಬಸ್ಸಿನಲ್ಲಿ ಪೆದ್ದಪ್ಪ, ಇಲ್ಲಿಗೆ ಬಂದ ಮೇಲೆ ಬೀಗರು.

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. ಅವನ ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ತಲೆಗೇನಾದರೂ ಪೆಟ್ಟು ಬಿದ್ದಿತ್ತೇ ಎಂದು ನರ್ಸನ್ನು ಕೇಳಿದರು. ಶಿವರಂಜನಿ ಮುಂದೆ ಬಂದು ಪಟ್ಟಿಗಳನ್ನು ಮೇಜಿನ ಮೇಲೆ ಹರವಿ, ಯಾರು ಯಾರೆಂದು ಪರಿಚಯ ಮಾಡಿಕೊಟ್ಟ ಮೇಲೆ ಡಾಕ್ಟರಮ್ಮ ಮುಖಕ್ಕೆ ಕರವಸ್ತ್ರ ಹಿಡಿದುಕೊಂಡರು. ಭುಜ ಅಲುಗಾಡುತ್ತಿದ್ದದ್ದು ಕೆಮ್ಮಿಗಲ್ಲ ಎಂಬುದು ಚನ್ನವೀರಮ್ಮನಿಗೆ ಚೆನ್ನಾಗಿ ಗೊತ್ತಾಯಿತು.

ಆದರೂ ಡಾಕ್ಟರಮ್ಮ ಕೆಲಸದಲ್ಲಿ ನಗಲಿಲ್ಲ. ರಕ್ತ ತೆಗೆಸಿದರು, ಸಲೈನ್ ಬಾಟಲಿ ಹಚ್ಚಿದರು, ನಾಳೆ ಮತ್ತೊಮ್ಮೆ ರಕ್ತ ನೋಡುವತನಕ ಮನೆಗೆ ಬಿಡುವುದಿಲ್ಲವೆಂದರು. ಬಿ.ಪಿ. ಇರುವ ಮನುಷ್ಯ, ವಯಸ್ಸಾದವನು, ಕೇಳದೇ ಪೆದ್ದಪ್ಪನ ತಂಟೆಗೆ ಹೋಗಲೇಬಾರದು, ಅದೂ ಹಸಿದ ಹೊಟ್ಟೆಯಲ್ಲಿ, ಅಂತ ಗದರಿದರು. ಡಾಕ್ಟರಮ್ಮನ ಬಾಯಲ್ಲೂ ಪೆದ್ದಪ್ಪ ಪೆದ್ದಪ್ಪನೇ ಆಗಿದ್ದ.

ಹೊರಗೆ ಬೆಂಚಿನ ಮೇಲೆ ಚನ್ನವೀರಮ್ಮ ಒಬ್ಬಳೇ ಕುಳಿತಳು. ಸೆರಗಿನ ಗಂಟು ಕೈಗೆ ತಾಗುತ್ತಿತ್ತು. ಒಂದು ಗಳಿಗೆ ತಡವಾಗಿದ್ದರೆ ಅದು ಮಗಳ ಹೊಟ್ಟೆಯಲ್ಲಿರುತ್ತಿತ್ತು. ಓಣಿಯಲ್ಲಿ ಯಾರು ಯಾರಿಗೆ, ಯಾವ ಯಾವ ಬೇನೆಯಿದ್ದವರಿಗೆ, ಉಂಡವರಿಗೆ, ಉಣ್ಣದವರಿಗೆ, ಕುಡಿದು ಬಂದವರಿಗೆ ಕೂಡ ಕೊಟ್ಟಿದ್ದೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು. ಆಕೆಗೆ ಅಳು ಬಂತು, ಆದರೆ ಬೀಗರ ಊರಿನಲ್ಲಿ ಅಳುವುದು ಹೇಗೆಂದು ತಡೆದುಕೊಂಡಳು.

ಹಸಿರು ಸೀರೆಯಲ್ಲಿ, ಹಸಿರು ಬಳೆ ಗಲಗಲ ಅನ್ನಿಸುತ್ತ ಶಿವಗಂಗಾ ಬಂದು ಪಕ್ಕದಲ್ಲಿ ಕುಳಿತಳು.

"ನೀ ಯಾಕ ಬಂದಿ ಇಲ್ಲಿ? ಸೊಂಟ?"

"ಕುರ್ಚಿ ಕೊಟ್ಟಿಂದ ಆರಾಮ ಐತವ್ವ."

ಚನ್ನವೀರಮ್ಮನಿಂದ ತಡೆಯಲಾಗಲಿಲ್ಲ. "ಆಗ ನೀ ಯಾಕ ನಾದಿನಿ ಮಾರಿ ನೋಡಿದಿ? ನಾ ಕೊಟ್ಟಿದ್ದಲ್ಲೇನು ಅದು?"

"ನಿನ್ನ ಮ್ಯಾಲೆ ನಂಬಿಗಿ ಇಲ್ಲಂತಲ್ಲವ್ವ." ಶಿವಗಂಗಾ ತಾಯಿಯ ಕೈಯನ್ನು ಎತ್ತಿ ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. "ಇದಕ್ಕೇನಾರ ಆದ್ರ ನನಗಿಂತ ಮೊದಲ ನೀನ ಎದಿ ಒಡಕೊಂತಿ. ಅದು ಗೊತ್ತಿತ್ತು ನನಗ."

ಒಳಗಿನ ಕೂಸು ಆಗಲೇ ಒಂದು ಒದೆ ಕೊಟ್ಟಿತು. ಅಜ್ಜಿಗೆ ಬೈದದ್ದೋ ಸಮಾಧಾನ ಹೇಳಿದ್ದೋ, ಚನ್ನವೀರಮ್ಮನಿಗೆ ಮಾತ್ರ ಮನಸ್ಸು ಹಗುರಾಯಿತು.

ಮರುದಿನದ ರಕ್ತಪರೀಕ್ಷೆಯಲ್ಲಿ ಹಂಪಣ್ಣನ ಲಿವರ್ ಅವನಿಗಿಂತ ಗಟ್ಟಿ ಎಂದು ತಿಳಿಯಿತು. ಗುರುಬಸಮ್ಮ ಬುತ್ತಿ ಕಟ್ಟಿಕೊಂಡು ದವಾಖಾನೆಗೇ ಬಂದಳು. ಬೀಗರು ತನ್ನ ಅಡಿಗೆಯನ್ನು ಹಳಿದು ಎಲೆ ಬಿಟ್ಟೇಳಲಿಲ್ಲ ಎಂಬುದು ಡಾಕ್ಟರಮ್ಮನ ಬಾಯಿಂದಲೇ ಖಾತ್ರಿಯಾದ ಮೇಲೆ ಆಕೆಗೆ ಜೀವ ಬಂದಿತ್ತು. ಹಂಪಣ್ಣನಿಗೆ ಮೆತ್ತಗಿನ ಅನ್ನ, ಮಜ್ಜಿಗೆ. ಹೋಳಿಗೆ ಅವನ ಕಣ್ಣೆದುರಿಗೇ ಡಾಕ್ಟರಮ್ಮನಿಗೂ ನರ್ಸಮ್ಮಂದಿರಿಗೂ ಹಂಚಿಹೋಯಿತು. ಅವನು ಒಂದೊಂದನ್ನೂ ಬಾಗಿಲತನಕ ಕಣ್ಣಿನಿಂದಲೇ ಕಳಿಸಿಕೊಟ್ಟ.

"ನಿನ್ನ ತಪ್ಪೇನಿಲ್ಲ ಬಿಡು," ಎಂದ ಹೆಂಡತಿಗೆ ಮೆಲ್ಲಗೆ. "ಕದ್ದವ ನಾನು."

"ಕದಿಯೂ ಹಂಗ ಇಟ್ಟಾಕಿ ನಾನು," ಎಂದಳು ಆಕೆ. ಮದುವೆಯಾದಂದಿನಿಂದ ಇಬ್ಬರೂ ಒಂದೇ ತಪ್ಪನ್ನು ಹಂಚಿಕೊಂಡದ್ದು ಅದೇ ಮೊದಲು.

ಮಕ್ತಲ್‌ಗೆ ಮರಳುವ ಮೊದಲು ಚನ್ನವೀರಮ್ಮ ಡಬ್ಬಿಯನ್ನು ಶಿವರಂಜನಿಯ ಮುಂದೆ ಮಗುಚಿದಳು. ಅವಧಿ ಮುಗಿದವು, ಹೆಸರು ಹರಿದುಹೋದವು ಎಲ್ಲ ಹೋದವು. ಮನೆಗೆಂದು ಒಂದೇ ಒಂದು ಪಟ್ಟಿ ಉಳಿಯಿತು. ಅದರ ಹೆಸರನ್ನು ಚನ್ನವೀರಮ್ಮ ಬಸ್ಸಿನ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳು. "ಪ್ಯಾರಾಸಿಟಮಾಲ್, ಪ್ಯಾರಾಸಿಟಮಾಲ್" ಎಂದು ಕಣ್ಣುಮುಚ್ಚಿ ಜಪಿಸುತ್ತಿದ್ದ ಆಕೆಗೆ ಪಕ್ಕದ ಸೀಟಿನ ಮುದುಕಿ ಭಕ್ತಿಯಿಂದ ಕೈಮುಗಿದಳು.

ಓಣಿಯವರಿಗೆ ಹೊಸ ಚನ್ನವೀರಮ್ಮ ಸುಲಭಕ್ಕೆ ಒಗ್ಗಲಿಲ್ಲ. ಮೊದಲಾದರೆ ಬಾಯಿ ತೆರೆಯುವುದರೊಳಗೆ ಗುಳಿಗೆ ಬೀಳುತ್ತಿತ್ತು. ಈಗ ಗುಳಿಗೆ ಇಲ್ಲ, ಬರೀ ಪ್ರಶ್ನೆ.

"ಉಂಡೀಯೇನು? ಬಿ.ಪಿ. ಐತೇನು? ಬ್ಯಾರೆ ಏನಾರ ನುಂಗೀಯೇನು? ಕುಡದೀಯೇನು? ಎಷ್ಟ ದಿನದಿಂದ ನೋವು? ಹಂಗಾದ್ರ ದವಾಖಾನಿಗಿ ಹೋಗು. ಅಂಗಡ್ಯಾಗ ತಗೊಂಡ್ರೂ ಒಳಗೇನೈತಿ ಅಂತ ಕೇಳಿ ತಗೋ."

"ಪೊಲೀಸ್ ಠಾಣ್ಯಾಗೂ ಇಷ್ಟು ಕೇಳಂಗಿಲ್ರವ್ವ," ಎಂದು ಸಾಯಣ್ಣ ಗೊಣಗಿದ. ಗೊಣಗುತ್ತಲೇ ಎದ್ದು ದವಾಖಾನೆಗೆ ಹೋದ. ಬಹಳ ದಿನದಿಂದ ಗುಳಿಗೆ ನುಂಗಿ ಅಡಗಿಸಿಟ್ಟಿದ್ದ ಅವನ ತಲೆನೋವಿಗೆ ಬೇಕಾಗಿದ್ದದ್ದು ಕನ್ನಡಕವಾಗಿತ್ತು. ಹೊಸ ಕನ್ನಡಕದಲ್ಲಿ ತಾನು ಹೊಲಿದ ಹಳೆಯ ಅಂಗಿಗಳ ಹೊಲಿಗೆ ನೋಡಿ ಅವನೇ ಗಾಬರಿಯಾದ.

ಹೆರಿಗೆಗೆಂದು ಶಿವಗಂಗಾ ತವರಿಗೆ ಬಂದಳು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವಳು ತಲೆ ಹಿಡಿದುಕೊಂಡು ಎದ್ದಳು. ಕಣ್ಣು ಮಂಜಾಗುತ್ತದೆ ಎಂದಳು. ಚನ್ನವೀರಮ್ಮ ಕಪಾಟಿನ ಕಡೆ ತಿರುಗಿ ಕೂಡ ನೋಡಲಿಲ್ಲ. ಮಗಳನ್ನು ಆಟೋದಲ್ಲಿ ಕೂಡಿಸಿಕೊಂಡು ನೇರ ದವಾಖಾನೆಗೆ ಹೋದಳು. ಬಿ.ಪಿ. ಏರಿತ್ತು. ತಲೆನೋವೆಂದು ಗುಳಿಗೆ ಕೊಟ್ಟು ಮಲಗಿಸಿದ್ದರೆ ತಾಯಿ ಕೂಸು ಇಬ್ಬರಿಗೂ ಕಷ್ಟವಿತ್ತು ಎಂದರು ಅಲ್ಲಿನ ಡಾಕ್ಟರು. ಅವಳನ್ನು ಅಲ್ಲೇ ಇಟ್ಟುಕೊಂಡು ಬಿ.ಪಿ. ಇಳಿಸಿದರು. ಕೆಲವು ದಿನಗಳಲ್ಲಿ ಹೆಣ್ಣು ಕೂಸು ಹುಟ್ಟಿತು. ಅಳುವಿಗೆ ಏನೂ ಕಡಿಮೆಯಿರಲಿಲ್ಲ. ಗುರುಬಸಮ್ಮನ ವಂಶ ಎಂದು ಹಂಪಣ್ಣ ಅಂದದ್ದು ಗದ್ವಾಲಕ್ಕೆ ತಲುಪದಂತೆ ಎಲ್ಲರೂ ಎಚ್ಚರ ವಹಿಸಿದರು.

ತೊಟ್ಟಿಲಿಗೆ ಹಾಕುವ ದಿನ ಬೀಗರೆಲ್ಲ ಬಂದರು. ಉಡುಗೊರೆ ಕೊಡುವಾಗ ಚನ್ನವೀರಮ್ಮ ತನಗೆಂದು ತೆಗೆದಿಟ್ಟುಕೊಂಡಿದ್ದ ನಾರಾಯಣಪೇಟೆಯ ಚೌಕಳಿ ಸೀರೆಯನ್ನು ತಂದು ಶಿವರಂಜನಿಯ ಉಡಿಗೆ ಹಾಕಿದಳು. ಶಿವರಂಜನಿ ಅಂಗಡಿಗೆ ದಿನಾ ಚೂಡಿದಾರದಲ್ಲೇ ಹೋಗುವವಳು. ಸೀರೆಯ ಅಂಚನ್ನು ಸವರಿ ಸಂಕೋಚದಿಂದ ನಕ್ಕಳು.

"ಭಾಳ ಚಂದ ಐತ್ರೀ ಅತ್ತೀ. ಆದ್ರ ನನಗ ಉಡಾಕ ಬರಂಗಿಲ್ಲ. ನಿರಿಗಿ ಎಲ್ಲಾ ಬಿಚ್ಚಿ ಹೋಗ್ತಾವ."

ಚನ್ನವೀರಮ್ಮನ ಮುಖ ಅರಳಿತು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಹುಡುಗಿಯ ರಟ್ಟೆ ಹಿಡಿದು ಒಳಕೋಣೆಗೆ ಎಳೆದುಕೊಂಡು ಹೊರಟಳು.

"ಬಾ ಇಲ್ಲಿ. ನೆಟ್ಟಗ ನಿಂದ್ರು, ಉಸಿರು ಬಿಗಿ ಹಿಡಿ, ನಾ ಹೇಳೂತನ ಕೈ ಇಳಿಸಬ್ಯಾಡ. ಇದರಾಗ ನಾ ಹೇಳಿದಂಗ ಕೇಳಬೇಕು ನೀನು."

ಶಿವರಂಜನಿ ಎರಡೂ ಕೈ ಮೇಲೆತ್ತಿ ನಿಂತಳು.